ಗಂಧಕಕ್ಕೆ ಗುಳಿಗೆಯೋ, ರೊಟ್ಟಿಯ ತಾಟೋ: ಒಂದು ಹೋಲಿಕೆ

ಹೋದ ಚಳಿಗಾಲದಲ್ಲಿ ವಿಜಯಪುರದ ಅಣ್ಣನ ಮನೆಗೆ ಹೋಗಿದ್ದಾಗ ಅತ್ತಿಗೆ ಕಪಾಟಿನಿಂದ ಒಂದು ಬಿಳಿ ಡಬ್ಬಿ ತೆಗೆದು ನನ್ನ ಮುಂದಿಟ್ಟು, "ಕೂದಲ ಭಾಳ ಉದರಾಕತ್ತಾವ, ಇದನ್ನ ತಗೊಳ್ಳಲೇನವಾ, ಬ್ಯಾಡೋ? ನೀನ ಹೇಳು" ಎಂದರು. ಅದು ಎಂ.ಎಸ್.ಎಂ. ಎಂಬ ಗಂಧಕದ ಗುಳಿಗೆಯ ಡಬ್ಬಿ. ಒಂದೊಂದು ಗುಳಿಗೆ 1000 ಮಿಲಿಗ್ರಾಂ. ಕೂದಲು ಗಂಧಕದಿಂದ ಆಗುತ್ತದೆ, ಆದ್ದರಿಂದ ಗಂಧಕ ತಿಂದರೆ ಕೂದಲು ಬೆಳೆಯುತ್ತದೆ ಎಂಬ ತರ್ಕವನ್ನು ಅಂಗಡಿಯವರು ಅವರಿಗೆ ತಿಳಿಸಿ ಹೇಳಿದ್ದರಂತೆ. ಬಾಗಲಕೋಟೆಯಲ್ಲಿ ಗೃಹವಿಜ್ಞಾನ ಕಲಿಸುವ ನನಗೆ ಆ ತರ್ಕದ ಮೊದಲರ್ಧ ನಿಜವೆಂದೂ ಎರಡನೆಯ ಅರ್ಧ ನಿಜವಲ್ಲವೆಂದೂ ಗೊತ್ತಿತ್ತು. ಆದರೆ ಬೇಡ ಎಂದಷ್ಟೇ ಹೇಳಿ ಎದ್ದು ಬರುವುದು ಸರಿಯೆನಿಸಲಿಲ್ಲ. ಗುಳಿಗೆ ಬೇಡವಾದರೆ ಮತ್ತೇನು ಬೇಕು, ನಮ್ಮ ಭಾಗದ ಅಡುಗೆಯಲ್ಲಿ ಇರುವ ಹಲವು ಆಯ್ಕೆಗಳಲ್ಲಿ ಯಾವುದನ್ನು ಯಾವುದಕ್ಕಿಂತ ಮೇಲೆಂದು ಎಣಿಸಬೇಕು ಎಂಬುದನ್ನು ಅವರೊಂದಿಗೆ ಕುಳಿತು ಲೆಕ್ಕ ಹಾಕಿದ್ದನ್ನೇ ಇಲ್ಲಿ ವಿಸ್ತರಿಸಿ ಬರೆದಿದ್ದೇನೆ.

ಎಷ್ಟು ಗಂಧಕ ಎಂಬುದಕ್ಕಿಂತ ಯಾವ ರೂಪದ ಗಂಧಕ ಎಂಬುದೇ ಇಲ್ಲಿ ಮುಖ್ಯ. ಕ್ಯಾಲ್ಸಿಯಂ, ರಂಜಕ, ಮೆಗ್ನೀಸಿಯಂ, ಪೊಟ್ಯಾಸಿಯಂ ಮೊದಲಾದ ಹೆಚ್ಚು ಪ್ರಮಾಣದಲ್ಲಿ ಬೇಕಾಗುವ ಖನಿಜಗಳ ಸಾಲಿನಲ್ಲೇ ಗಂಧಕವನ್ನೂ ಎಣಿಸುತ್ತಾರೆ. ಎಪ್ಪತ್ತು ಕಿಲೋ ತೂಕದವರ ಮೈಯಲ್ಲಿ ಅದು ಸುಮಾರು 140 ಗ್ರಾಂ ಇರುತ್ತದೆ. ಹೀಗಿದ್ದರೂ ಕಬ್ಬಿಣಕ್ಕೆ, ಸತುವಿಗೆ ಇರುವಂತೆ ಗಂಧಕಕ್ಕೆ ಪ್ರತ್ಯೇಕವಾದ ದಿನದ ಪ್ರಮಾಣವನ್ನು ನಿಗದಿ ಮಾಡಿಲ್ಲ. ನಮ್ಮ ದೇಹ ಗಂಧಕವನ್ನು ಬಹುಮಟ್ಟಿಗೆ ಎರಡು ಅಮೈನೋ ಆಮ್ಲಗಳ ಮೂಲಕ, ಎಂದರೆ ಪ್ರೋಟೀನಿನ ಭಾಗಗಳಾದ ಮೆಥಿಯೋನಿನ್ ಮತ್ತು ಸಿಸ್ಟೀನ್‌ಗಳ ಮೂಲಕ ಪಡೆಯುವುದೇ ಇದಕ್ಕೆ ಕಾರಣ. ಇವುಗಳಲ್ಲಿ ಸಿಸ್ಟೀನನ್ನು ದೇಹವೇ ಮೆಥಿಯೋನಿನ್‌ನಿಂದ ಮಾಡಿಕೊಳ್ಳಬಲ್ಲದು, ಮೆಥಿಯೋನಿನನ್ನು ಮಾತ್ರ ಊಟದಿಂದಲೇ ಪಡೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅದರ ಜೊತೆಯ ಸಂಸ್ಥೆಗಳು 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ ವಯಸ್ಕರಿಗೆ ಈ ಎರಡೂ ಸೇರಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 15 ಮಿಲಿಗ್ರಾಂ ಬೇಕು. ಅರವತ್ತು ಕಿಲೋ ತೂಕದವರಿಗೆ ಅದು 900 ಮಿಲಿಗ್ರಾಂ ಆಗುತ್ತದೆ, ಮತ್ತು ಅಷ್ಟರಲ್ಲಿ ಗಂಧಕದ ಪಾಲು ಸುಮಾರು 200 ಮಿಲಿಗ್ರಾಂ.

ಅತ್ತಿಗೆಯ ಗುಳಿಗೆಯನ್ನು ಈ ಅಳತೆಯ ಪಕ್ಕದಲ್ಲಿಟ್ಟು ನೋಡಿ. ಎಂ.ಎಸ್.ಎಂ.ನ ತೂಕದಲ್ಲಿ ಗಂಧಕ ಮೂರರಲ್ಲೊಂದು ಪಾಲಿದೆ. ಆದ್ದರಿಂದ ಒಂದು ಗುಳಿಗೆಯಲ್ಲೇ ಮುನ್ನೂರು ಮಿಲಿಗ್ರಾಂ ಮೀರಿದ ಗಂಧಕವುಂಟು. ಲೆಕ್ಕದಲ್ಲಿ ಅದು ಇಡೀ ದಿನದ ಊಟವನ್ನೇ ಮೀರಿಸಿತು. ಆದರೆ ಆ ಗಂಧಕದಿಂದ ಮೆಥಿಯೋನಿನ್ ಕಟ್ಟಿಕೊಳ್ಳುವ ಶಕ್ತಿ ಮನುಷ್ಯನ ಜೀವಕೋಶಗಳಿಗೆ ಇಲ್ಲ. ಗಿಡಗಳಿಗೆ ಇದೆ, ಸೂಕ್ಷ್ಮಜೀವಿಗಳಿಗೆ ಇದೆ. ಎಮ್ಮೆ, ಆಕಳುಗಳ ಮೊದಲ ಹೊಟ್ಟೆಯಲ್ಲಿ ಅಂಥ ಸೂಕ್ಷ್ಮಜೀವಿಗಳು ತುಂಬಿರುವುದರಿಂದ ದನದ ಖನಿಜ ಮಿಶ್ರಣದಲ್ಲಿ ಸಲ್ಫೇಟ್ ಎಂಬ ಗಂಧಕದ ಲವಣ ಹಾಕಿದರೆ ಅದು ಹಾಲಿನ ಪ್ರೋಟೀನಾಗಿ ಹೊರಬರುತ್ತದೆ. ನಮಗೆ ಆ ಸೌಲಭ್ಯವಿಲ್ಲ. ಗಿಡ ಮಣ್ಣಿನ ಗಂಧಕವನ್ನು ಕಾಳಾಗಿ ಮಾಡಿ ಕೊಟ್ಟ ಮೇಲೆಯೇ, ಇಲ್ಲವೇ ಆಕಳು ಹಾಲಾಗಿ ಮಾಡಿ ಕೊಟ್ಟ ಮೇಲೆಯೇ ನಾವು ಅದನ್ನು ಬಳಸಬಲ್ಲೆವು.

ಇದೇ ಕಾರಣದಿಂದ ಕೊಳವೆ ಬಾವಿಯ ಸವಳು ನೀರಿನಲ್ಲಿ ಇರುವ ಸಲ್ಫೇಟನ್ನೂ ಗಂಧಕದ ಆಹಾರವೆಂದು ಎಣಿಸಬಾರದು. ಮೂಳೆಸಂದಿನ ಮೆದು ಎಲುಬು ಕಟ್ಟುವುದರಲ್ಲಿ ಸಲ್ಫೇಟಿಗೆ ಕೆಲಸವಿರುವುದು ನಿಜ, ಆದರೆ ದೇಹ ತನಗೆ ಬೇಕಾದ ಸಲ್ಫೇಟಿನ ದೊಡ್ಡ ಪಾಲನ್ನು ಈ ಅಮೈನೋ ಆಮ್ಲಗಳಿಂದಲೇ ಮಾಡಿಕೊಳ್ಳುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಲೀಟರಿಗೆ 200 ಮಿಲಿಗ್ರಾಂ ಸಲ್ಫೇಟನ್ನು ಒಪ್ಪುತ್ತದೆ, ಬೇರೆ ನೀರೇ ಇಲ್ಲದಲ್ಲಿ 400ರವರೆಗೆ ಬಿಡುತ್ತದೆ. ಅದಕ್ಕಿಂತ ಬಹಳ ಹೆಚ್ಚಾದರೆ ಲಾಭಕ್ಕೆ ಬದಲು ಭೇದಿಯಾಗಬಹುದು. ಇನ್ನು ಪುಡಿಗಂಧಕ, ಎಂದರೆ ದ್ರಾಕ್ಷಿ ತೋಟಕ್ಕೆ ಬೂದಿರೋಗ ಬಂದಾಗ ಹೊಡೆಯುವಂಥದ್ದು, ಆಹಾರವೇ ಅಲ್ಲ.

ಬೇರೆ ಖನಿಜಗಳೊಂದಿಗೆ ಗಂಧಕದ ನಂಟು

ಕೋಳಿ ತತ್ತಿಯನ್ನು ಹೆಚ್ಚು ಹೊತ್ತು ಕುದಿಸಿ ಸುಲಿದು ಎರಡು ಹೋಳು ಮಾಡಿದರೆ ಹಳದಿಯ ಸುತ್ತ ಹಸಿರುಗಪ್ಪು ಬಣ್ಣದ ಒಂದು ಗೆರೆ ಕಾಣುತ್ತದೆ. ತತ್ತಿ ಹಳೆಯದೆಂದು ಎಷ್ಟೋ ಜನ ಅದನ್ನು ಚೆಲ್ಲುತ್ತಾರೆ. ನಿಜವಾಗಿ ಆಗಿರುವುದೇನೆಂದರೆ, ಬಿಳಿಯ ಭಾಗದ ಪ್ರೋಟೀನಿನಲ್ಲಿದ್ದ ಗಂಧಕ ಕಾವಿಗೆ ಬಿಡುಗಡೆಯಾಗಿ ಒಳಗೆ ಸರಿದು, ಹಳದಿಯ ಕಬ್ಬಿಣವನ್ನು ಸಂಧಿಸಿ ಕಬ್ಬಿಣದ ಸಲ್ಫೈಡ್ ಆಗಿದೆ. ಗಂಧಕಕ್ಕೂ ಲೋಹಗಳಿಗೂ ಇರುವ ಸೆಳೆತವನ್ನು ವಿದ್ಯಾರ್ಥಿನಿಯರಿಗೆ ತೋರಿಸಲು ಇದಕ್ಕಿಂತ ಸುಲಭವಾದ ಪ್ರಯೋಗ ನನಗೆ ಸಿಕ್ಕಿಲ್ಲ.

ದೇಹದೊಳಗೂ ಅದೇ ಸೆಳೆತ ಕೆಲಸ ಮಾಡುತ್ತದೆ, ಆದರೆ ಅಳತೆ ಮೀರದಂತೆ. ಅನ್ನವನ್ನು ಶಕ್ತಿಯಾಗಿ ಮಾಡುವ ಜೀವಕೋಶದ ಯಂತ್ರದಲ್ಲಿ ಕಬ್ಬಿಣ ಮತ್ತು ಗಂಧಕದ ಪರಮಾಣುಗಳು ಗೊಂಚಲಾಗಿ ಜೋಡಿಸಿಕೊಂಡು ಕುಳಿತಿರುತ್ತವೆ. ಸತುವನ್ನು ಅನೇಕ ಪ್ರೋಟೀನುಗಳಲ್ಲಿ ಹಿಡಿದು ನಿಲ್ಲಿಸುವುದು ಸಿಸ್ಟೀನಿನ ಗಂಧಕ. ಸೆಲೆನಿಯಂ ಗಂಧಕದ ಕುಲಕ್ಕೇ ಸೇರಿದ ಮೂಲವಸ್ತುವಾದ್ದರಿಂದ ಕಾಳಿನಲ್ಲಿ ಮೆಥಿಯೋನಿನಿನ ಗಂಧಕದ ಜಾಗದಲ್ಲೇ ಸೇರಿಕೊಂಡು ನಮ್ಮೊಳಗೆ ಬರುತ್ತದೆ. ಮಾಲಿಬ್ಡಿನಂ ಎಂಬ, ಅತಿ ಕಡಿಮೆ ಸಾಕಾಗುವ ಖನಿಜ, ವಿಷಕರವಾದ ಸಲ್ಫೈಟನ್ನು ನಿರಪಾಯಕಾರಿ ಸಲ್ಫೇಟ್ ಮಾಡುವ ಕಿಣ್ವದಲ್ಲಿದೆ. ಬೇಳೆಕಾಳುಗಳಲ್ಲಿ ಅದು ಧಾರಾಳವಾಗಿ ಸಿಗುವುದರಿಂದ ನಿತ್ಯ ಬೇಳೆ ಉಣ್ಣುವವರು ಅದರ ಚಿಂತೆ ಮಾಡಬೇಕಿಲ್ಲ.

ಪ್ರೋಟೀನ್ ಹೆಚ್ಚಾದರೆ ಗಂಧಕದಿಂದಾಗುವ ಆಮ್ಲ ಮೂಳೆಯ ಕ್ಯಾಲ್ಸಿಯಂ ಕರಗಿಸುತ್ತದೆ ಎಂಬ ಭಯವೊಂದು ಬಹಳ ದಿನ ಚಾಲ್ತಿಯಲ್ಲಿತ್ತು. ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುವುದು ನಿಜವಾದರೂ ಪ್ರೋಟೀನ್ ಕರುಳಿನಲ್ಲಿ ಕ್ಯಾಲ್ಸಿಯಂ ಹೀರಿಕೆಯನ್ನೂ ಹೆಚ್ಚಿಸುತ್ತದೆ. ಹದವಾದ ಊಟದಿಂದ ಮೂಳೆ ಸವೆಯುತ್ತದೆಂದು ಹೆದರಬೇಕಿಲ್ಲ.

ಧಾನ್ಯಗಳಲ್ಲಿ ಯಾವುದು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಈ ಪ್ರಶ್ನೆ ಬಿಳಿಜೋಳ, ಸಜ್ಜೆ, ಗೋದಿ ಎಂಬ ಮೂರರ ನಡುವೆ ನಿಲ್ಲುತ್ತದೆ. ನೂರು ಗ್ರಾಂ ಪ್ರೋಟೀನಿನಲ್ಲಿ ಗಂಧಕವಿರುವ ಅಮೈನೋ ಆಮ್ಲಗಳು ಜೋಳದಲ್ಲಿ ಎರಡೂವರೆ ಗ್ರಾಂ, ಸಜ್ಜೆಯಲ್ಲಿ 3.3 ಗ್ರಾಂ, ಗೋದಿಯಲ್ಲಿ 4 ಗ್ರಾಂ ಆಸುಪಾಸಿನಲ್ಲಿವೆ. ವಯಸ್ಕರ ಊಟದ ನೂರು ಗ್ರಾಂ ಪ್ರೋಟೀನಿನಲ್ಲಿ ಇರಬೇಕಾದದ್ದು 2.2 ಗ್ರಾಂ. ಇಷ್ಟನ್ನೇ ನೋಡಿದರೆ ಮೂರೂ ಪಾಸಾಗುತ್ತವೆ, ಗೋದಿ ಎಲ್ಲಕ್ಕೂ ಮುಂದೆ ನಿಲ್ಲುತ್ತದೆ. ಆದರೆ ಕಬ್ಬಿಣ ಮತ್ತು ಸತುವಿನಲ್ಲಿ ಸಜ್ಜೆ ಜೋಳವನ್ನು ಹಿಂದಿಕ್ಕುತ್ತದೆ: ನೂರು ಗ್ರಾಂ ಜೋಳದಲ್ಲಿ ಕಬ್ಬಿಣ 4 ಮಿಲಿಗ್ರಾಂ, ಸತು 2 ಮಿಲಿಗ್ರಾಂ ಇದ್ದರೆ ಸಜ್ಜೆಯಲ್ಲಿ ಅವು 6.4 ಮತ್ತು 2.8 ಮಿಲಿಗ್ರಾಂ ಸಮೀಪ ಇವೆ. ಸಂಕ್ರಾಂತಿಯ ಹೊತ್ತಿಗೆ ಎಳ್ಳು ಹಚ್ಚಿ ಬಡಿಯುವ ಸಜ್ಜೆ ರೊಟ್ಟಿಯನ್ನು ಹಬ್ಬಕ್ಕಷ್ಟೇ ಮೀಸಲಿಡದೆ ಚಳಿಗಾಲವಿಡೀ ವಾರಕ್ಕೆ ಎರಡು ಮೂರು ದಿನ ಮಾಡುವುದು ಒಳ್ಳೆಯದೆಂದು ನಾನು ಹೇಳುವುದು ಇದಕ್ಕೇ. ಥೈರಾಯಿಡ್ ತೊಂದರೆ ಇರುವವರು ಮಾತ್ರ ಸಜ್ಜೆಯೊಂದನ್ನೇ ನೆಚ್ಚಿಕೊಳ್ಳಬಾರದು. ಅದರಲ್ಲಿ ಆ ಗ್ರಂಥಿಯ ಕೆಲಸಕ್ಕೆ ಅಡ್ಡಿಪಡಿಸುವ, ಗಂಧಕಕ್ಕೆ ಸಂಬಂಧಪಡದ ಬೇರೆ ವಸ್ತುಗಳಿವೆ.

ಜೋಳದ ಬಗೆಗೆ ಒಂದು ವಿಶೇಷವನ್ನು ಹೇಳಲೇಬೇಕು. ಗೋದಿ ಕಣಕವನ್ನು ನಾದಿದರೆ ಅದು ಎಳೆದಷ್ಟು ಹಿಗ್ಗುತ್ತದೆ, ಏಕೆಂದರೆ ಅದರ ಪ್ರೋಟೀನಿನ ಎಳೆಗಳು ಗಂಧಕದ ಕೊಂಡಿಗಳಿಂದ ಒಂದಕ್ಕೊಂದು ಬೆಸೆದು ಜಾಲವಾಗುತ್ತವೆ. ಜೋಳದ ಹಿಟ್ಟಿಗೆ ಆ ಗುಣವಿಲ್ಲ. ಅದಕ್ಕಾಗಿಯೇ ಕುದಿಯುವ ಎಸರು ಹಾಕಿ, ಹಿಟ್ಟಿನ ಪಿಷ್ಟವನ್ನು ಅಂಟು ಬರುವಂತೆ ಮಾಡಿ, ಕೈಗೆ ಸುಡುವಷ್ಟು ಬಿಸಿ ಇರುವಾಗಲೇ ನಾದಿ, ಬಡಿಯಬೇಕಾಗುತ್ತದೆ. ಜೋಳದ ಪ್ರೋಟೀನಿನಲ್ಲೂ ಸಿಸ್ಟೀನ್ ಇದೆ. ಆದರೆ ನೀರಿನಲ್ಲಿ ಬೇಯಿಸಿದಾಗ ಅದರ ಗಂಧಕದ ಕೊಂಡಿಗಳು ಬಿಗಿಯಾಗಿ ಬೆಸೆದುಕೊಂಡು ಪ್ರೋಟೀನನ್ನು ಜೀರ್ಣರಸಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಜೋಳದ ನುಚ್ಚನ್ನು ಬರೀ ಕುದಿಸಿ ಉಣ್ಣುವುದಕ್ಕಿಂತ ಹಿಟ್ಟನ್ನು ರಾತ್ರಿ ಹುಳಿ ಬರಿಸಿ ಕಾಯಿಸಿದ ಅಂಬಲಿ ಈ ದೃಷ್ಟಿಯಿಂದ ಮೇಲು: ಹುಳಿಯುವಾಗ ಪ್ರೋಟೀನ್ ಸಡಿಲಾಗುತ್ತದೆ, ಕಬ್ಬಿಣ ಮತ್ತು ಸತುವನ್ನು ಕಟ್ಟಿಹಾಕುವ ಫೈಟೇಟೂ ಕಡಿಮೆಯಾಗುತ್ತದೆ.

ಜೊತೆಗೆ ಯಾವ ಬೇಳೆ, ಯಾವ ಹಿಂಡಿ

ಜೋಳದ ನಿಜವಾದ ಕೊರತೆ ಗಂಧಕವಲ್ಲ, ಲೈಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ, ನೂರು ಗ್ರಾಂ ಪ್ರೋಟೀನಿನಲ್ಲಿ ಇರಬೇಕಾದ 4.5 ಗ್ರಾಮಿನ ಅರ್ಧದಷ್ಟೇ ಅದರಲ್ಲಿದೆ. ತೊಗರಿ, ಹೆಸರು, ಕಡಲೆಗಳಲ್ಲಿ ಲೈಸಿನ್ 7 ಗ್ರಾಂ ಹತ್ತಿರವಿದ್ದು, ಗಂಧಕದ ಅಮೈನೋ ಆಮ್ಲಗಳು ಎರಡರಿಂದ ಎರಡೂವರೆ ಗ್ರಾಂ ಮಾತ್ರ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ ರೊಟ್ಟಿ ಮತ್ತು ಬೇಳೆಯನ್ನು ಬೇರ್ಪಡಿಸಬಾರದು. ಬೇಳೆಗಳ ನಡುವೆ ಆಯ್ದುಕೊಳ್ಳುವುದಾದರೆ ಗಂಧಕದ ಲೆಕ್ಕದಲ್ಲಿ ಕಡಲೆ ಸ್ವಲ್ಪ ಮುಂದು, ಹೆಸರು ಸ್ವಲ್ಪ ಹಿಂದು. ಈ ಅಂತರ ಬಹಳ ಸಣ್ಣದು. ಬೇಳೆಯ ಜಾತಿಗಿಂತ ಮೊಳಕೆ ಬರಿಸುವುದೇ ಮೇಲಿನ ಆಯ್ಕೆ. ಮಡಿಕೆ ಕಾಳನ್ನೋ ಹೆಸರುಕಾಳನ್ನೋ ಅರಿವೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಫೈಟೇಟ್ ಇಳಿಯುತ್ತದೆ, ಅದು ಹಿಡಿದಿಟ್ಟಿದ್ದ ಸತು ಮತ್ತು ಕಬ್ಬಿಣ ದೇಹಕ್ಕೆ ದಕ್ಕುತ್ತವೆ.

ಈಗ ಒಂದು ದಿನದ ಲೆಕ್ಕ. ಮುನ್ನೂರು ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ ಗಂಧಕದ ಅಮೈನೋ ಆಮ್ಲಗಳು 750 ಮಿಲಿಗ್ರಾಂ, ಐವತ್ತು ಗ್ರಾಂ ತೊಗರಿ ಬೇಳೆಯಿಂದ 230 ಮಿಲಿಗ್ರಾಂ, ಒಟ್ಟು 980. ಬೇಕಾದದ್ದು 900 ಆದ್ದರಿಂದ ಸಾಕೆನಿಸುತ್ತದೆ, ಆದರೆ ಇದರಲ್ಲಿ ಮುಕ್ಕಾಲು ಪಾಲು ಮಾತ್ರ ಜೀರ್ಣವಾಗುತ್ತದೆಂದು ಹಿಡಿದರೆ ಕೈಗೆ ಉಳಿಯುವುದು 735. ಉಳಿದ 165 ಮಿಲಿಗ್ರಾಮನ್ನು ತುಂಬಲು ನಮ್ಮ ತಾಟಿನಲ್ಲಿ ಇರುವುದೇ ಹಿಂಡಿ, ಎಂದರೆ ಚಟ್ನಿಪುಡಿ, ಮತ್ತು ಮೊಸರು. ಇಪ್ಪತ್ತು ಗ್ರಾಂ, ಎಂದರೆ ಎರಡು ದೊಡ್ಡ ಚಮಚ, ಶೇಂಗಾ ಹಿಂಡಿಯ ಶೇಂಗಾದಿಂದ 130 ಮಿಲಿಗ್ರಾಂ, ಅಷ್ಟೇ ಅಗಸಿಯಿಂದ 140, ಅಷ್ಟೇ ಎಳ್ಳಿನಿಂದ 190 ಮಿಲಿಗ್ರಾಂ ಸಿಗುತ್ತದೆ. ಒಂದು ವಾಟಿ ಗಟ್ಟಿ ಮೊಸರು 160ರ ಹತ್ತಿರ ಕೊಡುತ್ತದೆ. ತತ್ತಿ ತಿನ್ನುವವರಿಗೆ ಒಂದೇ ತತ್ತಿಯಿಂದ 320 ಬರುತ್ತದೆ, ಅದೂ ಸಲೀಸಾಗಿ ಜೀರ್ಣವಾಗುವ ರೂಪದಲ್ಲಿ.

ಬರೀ ಗಂಧಕ ನೋಡಿದರೆ ತತ್ತಿಯೇ ಮೊದಲು. ಆದರೆ ತತ್ತಿಯ ಹಳದಿಯಲ್ಲಿರುವ ಕಬ್ಬಿಣ ಅಲ್ಲಿಯದೇ ಒಂದು ಪ್ರೋಟೀನಿಗೆ ಕಟ್ಟಿಕೊಂಡಿರುವುದರಿಂದ ಸರಿಯಾಗಿ ಹೀರಿಕೆಯಾಗುವುದಿಲ್ಲ. ರಕ್ತಹೀನತೆಗೆ ತತ್ತಿಯನ್ನು ಮದ್ದೆಂದು ನಂಬಬಾರದು. ಸಸ್ಯಾಹಾರಿಗಳಿಗೆ ನನ್ನ ಮೊದಲ ಆಯ್ಕೆ ಎಳ್ಳು. ಇಪ್ಪತ್ತು ಗ್ರಾಂ ಎಳ್ಳಿನಲ್ಲಿ ಒಂದೂವರೆ ಮಿಲಿಗ್ರಾಂ ಸತುವೂ ಇದೆ, ಹುರಿದು ಕುಟ್ಟಿದರೆ ಚೆನ್ನಾಗಿ ಜೀರ್ಣವೂ ಆಗುತ್ತದೆ. ಶೇಂಗಾ ಹಿಂಡಿ ಸಾಲದೆಂದಲ್ಲ. ದಿನವೂ ಅದೊಂದೇ ಇರುವ ಮನೆಯಲ್ಲಿ ಎಳ್ಳು, ಗುರೆಳ್ಳು, ಅಗಸಿಗಳನ್ನು ಸರದಿಯಲ್ಲಿ ತರುವುದು ಮೇಲು.

ಉಳ್ಳಾಗಡ್ಡಿ, ಬಳ್ಳೊಳ್ಳಿ: ಹಸಿಯೋ, ಬೇಯಿಸಿದ್ದೋ

ಇವುಗಳಿಂದ ಬರುವ ಗಂಧಕ ಪ್ರಮಾಣದಲ್ಲಿ ಕಡಿಮೆ, ಕೆಲಸದಲ್ಲಿ ದೊಡ್ಡದು. ಹೊಲದಲ್ಲಿ ಊಟಕ್ಕೆ ಕುಳಿತವರು ಉಳ್ಳಾಗಡ್ಡಿಯನ್ನು ಬಂಡೆಯ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆಯುತ್ತಾರೆ. ಗುದ್ದಿದ ಕ್ಷಣ ಮೂಗಿಗೆ ಬರುವ ಘಾಟು ಗಡ್ಡೆಯೊಳಗೆ ಮೊದಲೇ ಇದ್ದದ್ದಲ್ಲ. ಬೇರೆ ಬೇರೆ ಕೋಣೆಗಳಲ್ಲಿ ಇದ್ದ ಗಂಧಕದ ಸಂಯುಕ್ತವೂ ಕಿಣ್ವವೂ ಜೀವಕೋಶ ಒಡೆದಾಗ ಕೂಡಿಕೊಂಡು ಆಗ ಹುಟ್ಟಿದ್ದು. ಬಳ್ಳೊಳ್ಳಿಯಲ್ಲಿ ಹೀಗೆ ಹುಟ್ಟುವುದೇ ಅಲ್ಲಿಸಿನ್. ಜಜ್ಜಿದೊಡನೆ ಕಾದ ಎಣ್ಣೆಗೆ ಹಾಕಿದರೆ ಕಿಣ್ವ ಸತ್ತು ಅಲ್ಲಿಸಿನ್ ಹುಟ್ಟುವುದೇ ನಿಂತುಹೋಗುತ್ತದೆ, ಆದ್ದರಿಂದ ಜಜ್ಜಿ ಹತ್ತು ನಿಮಿಷ ಬಿಟ್ಟು ಒಗ್ಗರಣೆಗೆ ಹಾಕುವುದು ಒಳ್ಳೆಯ ಪದ್ಧತಿ.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಧಾನ್ಯ ಮತ್ತು ಬೇಳೆಗಳೊಂದಿಗೆ ಬಳ್ಳೊಳ್ಳಿ ಅಥವಾ ಉಳ್ಳಾಗಡ್ಡಿ ಸೇರಿಸಿದಾಗ ಅವುಗಳಿಂದ ಬಿಡುಗಡೆಯಾಗುವ ಕಬ್ಬಿಣ ಮತ್ತು ಸತುವಿನ ಪ್ರಮಾಣ ಹೆಚ್ಚಿತು. ಹಸಿಯಲ್ಲೂ ಬೇಯಿಸಿದಾಗಲೂ ಈ ಗುಣ ಕಂಡಿತು. ಅವು ಜೀರ್ಣಕ್ರಿಯೆಯನ್ನು ಅನುಕರಿಸಿ ಪ್ರಯೋಗಶಾಲೆಯಲ್ಲಿ ಮಾಡಿದ ಪರೀಕ್ಷೆಗಳು ಎಂಬುದನ್ನು ಮರೆಯಬಾರದು. ಹಾಗಿದ್ದರೂ ಈ ಜಿಲ್ಲೆಗಳ ಹೆಂಗಸರ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಹೆಂಗಸರಿಗೆ ಶಿಫಾರಸು ಮಾಡಿದ ಕಬ್ಬಿಣ ದಿನಕ್ಕೆ 29 ಮಿಲಿಗ್ರಾಂ. ಮುನ್ನೂರು ಗ್ರಾಂ ಜೋಳದಲ್ಲಿ ಇರುವುದೇ 12, ಅದರಲ್ಲಿ ದಕ್ಕುವುದು ಅಲ್ಪ. ಬಳ್ಳೊಳ್ಳಿ ಹಾಕಿದ ಪಲ್ಯ, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಮೇಲೆ ಹಿಂಡಲು ಅರ್ಧ ಇಂಡಿ ಲಿಂಬೆ, ಊಟದ ಹಿಂದೆ ಮುಂದೆ ಒಂದು ತಾಸು ಚಹಾ ಇಲ್ಲ: ಇಷ್ಟು ಮಾಡಿದರೆ ಇದ್ದ ಕಬ್ಬಿಣವೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಎಲೆಕೋಸು, ಮೂಲಂಗಿ, ಸಾಸಿವೆಗಳ ಗಂಧಕ ಬೇರೆ ಜಾತಿಯದು. ಅದರಿಂದ ಹುಟ್ಟುವ ಥಯೋಸಯನೇಟ್ ಥೈರಾಯಿಡ್ ಗ್ರಂಥಿಗೆ ಹೋಗುವ ಅಯೋಡಿನ್‌ಗೆ ಅಡ್ಡ ನಿಲ್ಲುತ್ತದೆ. ಅಯೋಡಿನ್ ಉಪ್ಪು ಬಳಸುವ ಮನೆಯಲ್ಲಿ ಊಟದ ಜೊತೆ ನಾಲ್ಕು ಹೋಳು ಮೂಲಂಗಿ ತಿಂದರೆ ಏನೂ ಆಗದು. ಥೈರಾಯಿಡ್ ತೊಂದರೆ ಇದ್ದವರು ಎಲೆಕೋಸನ್ನು ಹಸಿಯಾಗಿ ದಿನವೂ ತಿನ್ನುವ ಬದಲು ಬೇಯಿಸಿ ತಿನ್ನಲಿ.

ಬೆಲ್ಲ ಮತ್ತು ಒಣದ್ರಾಕ್ಷಿಯ ಬಣ್ಣ

ಗಂಧಕ ಪೋಷಕವಲ್ಲದೆ ಬರೀ ಬಣ್ಣಕ್ಕಾಗಿ ಊಟದೊಳಗೆ ನುಸುಳುವ ಜಾಗಗಳು ಇವು. ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲದ ಪೆಂಟೆಗಳನ್ನು ಸಾಲಾಗಿ ಇಟ್ಟಾಗ ಗಿರಾಕಿಯ ಕೈ ಬಂಗಾರದ ಬಣ್ಣದ್ದಕ್ಕೇ ಮೊದಲು ಹೋಗುತ್ತದೆ. ಆ ಬಣ್ಣ ಎಷ್ಟೋ ಸಲ ಕುದಿಯುವ ಕಬ್ಬಿನ ಹಾಲಿಗೆ ಹಾಕಿದ ಹೈಡ್ರೋಸ್‌ನಿಂದ, ಎಂದರೆ ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಗಂಧಕದ ರಾಸಾಯನಿಕದಿಂದ, ಬಂದಿರುತ್ತದೆ. ಅದನ್ನು ಹಾಕದೆ, ಬೆಂಡೆ ಗಿಡದ ಲೋಳೆಯಿಂದ ಹೊಲಸು ತೆಗೆದು ಮಾಡಿದ ಬೆಲ್ಲ ಸಾಮಾನ್ಯವಾಗಿ ಕಂದು ಬಣ್ಣಕ್ಕಿರುತ್ತದೆ. ಕಬ್ಬಿನ ತಳಿ ಮತ್ತು ಮಣ್ಣಿನಿಂದಲೂ ಬಣ್ಣ ಬದಲಾಗುವುದರಿಂದ ಬಣ್ಣವೊಂದೇ ಪುರಾವೆಯಲ್ಲ. ಪರಿಚಯದ ಗಾಣದವರನ್ನು ಕೇಳಿ ಕೊಳ್ಳುವುದು ಉತ್ತಮ.

ವಿಜಯಪುರದ ಒಣದ್ರಾಕ್ಷಿಯಲ್ಲೂ ಇದೇ ಪ್ರಶ್ನೆ. ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ನೆರಳಿನಲ್ಲಿ ಒಣಗಿಸಿದರೆ ಹಸಿರು ಛಾಯೆಯ ದ್ರಾಕ್ಷಿ ಬರುತ್ತದೆ. ಅದಕ್ಕೆ ಗಂಧಕದ ಹೊಗೆ ಕೊಟ್ಟರೆ ಹೊಳೆಯುವ ಹಳದಿ ಬರುತ್ತದೆ ಮತ್ತು ಬಹಳ ದಿನ ಬಣ್ಣ ಕೆಡದೆ ಉಳಿಯುತ್ತದೆ. ಹೆಚ್ಚಿನವರಿಗೆ ಮಿತವಾಗಿ ತಿಂದರೆ ಇದರಿಂದ ತೊಂದರೆಯಿಲ್ಲ, ಆದರೆ ದಮ್ಮು ಇರುವವರಲ್ಲಿ ಕೆಲವರಿಗೆ ಆ ಹೊಗೆಯಿಂದ ಹಣ್ಣಿನಲ್ಲಿ ಉಳಿಯುವ ಸಲ್ಫೈಟ್ ಉಸಿರು ಕಟ್ಟಿಸುತ್ತದೆ, ಮತ್ತು ಅದು ಥಯಮಿನ್ ಎಂಬ ಬಿ1 ಜೀವಸತ್ವವನ್ನೂ ಹಾಳುಮಾಡುತ್ತದೆ. ಪ್ಯಾಕೆಟ್ ಕೊಳ್ಳುವಾಗ ಹಿಂಬದಿಯಲ್ಲಿ 220ರಿಂದ 228ರವರೆಗಿನ ಸಂಖ್ಯೆ ಅಥವಾ ಸಲ್ಫೈಟ್ ಎಂಬ ಮಾತು ಇದೆಯೇ ನೋಡಿ. ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಇದ್ದರೆ ಅದನ್ನು ನಮೂದಿಸಬೇಕೆಂಬುದು ನಿಯಮ. ಮಕ್ಕಳಿಗೂ ದಮ್ಮಿನವರಿಗೂ ಹೊಗೆ ಕೊಡದ ದ್ರಾಕ್ಷಿಯನ್ನೇ ಆರಿಸಿ. ಸೋಂಕಿಗೆ ಕೊಡುವ ಸಲ್ಫಾ ಮಾತ್ರೆ ಒಗ್ಗದವರು ಸಲ್ಫೈಟಿಗೂ ಬಳ್ಳೊಳ್ಳಿಗೂ ಹೆದರುವುದನ್ನು ಕಂಡಿದ್ದೇನೆ. ಇವು ಮೂರೂ ಬೇರೆ ಬೇರೆ, ಒಂದು ಒಗ್ಗದಿದ್ದರೆ ಇನ್ನೊಂದೂ ಒಗ್ಗದೆಂದು ತಿಳಿಯಬೇಕಿಲ್ಲ.

ಗುಳಿಗೆಯ ಮಾತಿಗೆ ಮರಳಿ

ಎಂ.ಎಸ್.ಎಂ. ಗುಳಿಗೆಯಿಂದ ಮೊಣಕಾಲು ನೋವಿನಲ್ಲಿ ಕೆಲವರಿಗೆ ಸ್ವಲ್ಪ ಆರಾಮ ಕಂಡಿದೆ. ಕೂದಲಿಗೆ ಅದು ಕೊಡುವುದೇನೂ ಇಲ್ಲವೆಂದೇ ನಾನು ಅತ್ತಿಗೆಗೆ ಹೇಳಿದೆ. ಹಾಗಾದರೆ ಮೆಥಿಯೋನಿನ್ ಗುಳಿಗೆಯನ್ನೇ ತೆಗೆದುಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಅದು ಇನ್ನೂ ಯೋಚಿಸಬೇಕಾದ ದಾರಿ. ಮೆಥಿಯೋನಿನ್ ಬಳಕೆಯಾದಾಗ ಹೋಮೋಸಿಸ್ಟೀನ್ ಎಂಬ ವಸ್ತು ಉಳಿಯುತ್ತದೆ, ಅದನ್ನು ಮತ್ತೆ ಸರಿಪಡಿಸಲು ಬಿ12, ಫೋಲೇಟ್, ಬಿ6 ಜೀವಸತ್ವಗಳು ಬೇಕು. ಹಾಲು ಮೊಸರು ಕಡಿಮೆ ಉಣ್ಣುವ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಅಂಥವರು ಮೆಥಿಯೋನಿನನ್ನು ಹೊರಗಿನಿಂದ ಸುರಿದುಕೊಂಡರೆ ಹೋಮೋಸಿಸ್ಟೀನ್ ರಕ್ತದಲ್ಲಿ ಏರುತ್ತದೆ. ಕಿಡ್ನಿ ತೊಂದರೆ ಇರುವವರು ಗುಳಿಗೆ ತೆಗೆದುಕೊಳ್ಳುವ ಮೊದಲೂ ಊಟದಲ್ಲಿ ಪ್ರೋಟೀನ್ ಹೆಚ್ಚಿಸುವ ಮೊದಲೂ ಡಾಕ್ಟರನ್ನು ಕೇಳಬೇಕು, ಏಕೆಂದರೆ ಬಳಸಿ ಉಳಿದ ಗಂಧಕವನ್ನು ಸಲ್ಫೇಟ್ ಮಾಡಿ ಹೊರಹಾಕುವ ಭಾರ ಕಿಡ್ನಿಯ ಮೇಲೆಯೇ ಬೀಳುತ್ತದೆ.

ಅತ್ತಿಗೆ ಮರುವಾರ ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 9.4 ಇತ್ತು. ಕೂದಲು ಉದುರುವುದಕ್ಕೆ ಗಂಧಕದ ಕೊರತೆಯಲ್ಲ, ಕಬ್ಬಿಣದ ಕೊರತೆಯೇ ಕಾರಣವೆಂದು ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಈಗ ಅವರು ಅದನ್ನು ಚಹಾ ಕುಡಿಯುವ ಹೊತ್ತು ಬಿಟ್ಟು ಲಿಂಬೆ ನೀರಿನೊಂದಿಗೆ ತೆಗೆದುಕೊಳ್ಳುತ್ತಾರೆ, ಮಧ್ಯಾಹ್ನದ ರೊಟ್ಟಿಗೆ ಮೊಳಕೆ ಮಡಿಕೆ ಕಾಳಿನ ಪಲ್ಯಕ್ಕೆ ಬಳ್ಳೊಳ್ಳಿಯನ್ನು ಮೊದಲೇ ಜಜ್ಜಿ ಇಟ್ಟಿರುತ್ತಾರೆ, ಎಳ್ಳಿನ ಹಿಂಡಿಯ ಡಬ್ಬಿ ಕಪಾಟಿನ ಅದೇ ಜಾಗದಲ್ಲಿ ಕುಳಿತಿದೆ.